ಮೂವತ್ತಮೂರನೆಯ ಚುಕ್ಕಿ

ಪಟ್ಟಿ ಬೀಳುವ ದಿನ ಹತ್ತಿರವಾದಂತೆ ನಮ್ಮ ಕಡೆಯ ಹುಡುಗಿಯರು ಎಲ್ಲದರಲ್ಲೂ ಅರ್ಥ ಹುಡುಕತೊಡಗುತ್ತಾರೆ. ಫೋಟೊ ಸರಿ ಬಂದಿಲ್ಲ, ಇನ್ನೊಂದು ಕಳಿಸಿ ಎಂದು ಕಾಲೇಜಿನಿಂದ ಫೋನ್ ಬಂದರೆ ಸೀಟು ಸಿಕ್ಕಂತೆ; ಬೇಡದವರ ಫೋಟೊ ಯಾರಿಗೆ ಬೇಕು? ಅರ್ಜಿ ತೆಗೆದುಕೊಳ್ಳುವಾಗ ಗುಮಾಸ್ತರು ಹೆಸರನ್ನು ಎರಡು ಸಲ ಓದಿದರೆ ಒಳ್ಳೆಯದು. ಮಿಸ್ಡ್ ಕಾಲ್ ಬಂದು, ತಿರುಗಿ ಮಾಡಿದಾಗ ಯಾರೂ ಎತ್ತದಿದ್ದರೆ ಕೆಟ್ಟದ್ದು. ರಸೀತಿಯ ಮೇಲೆ ಮೊಹರು ಓರೆಯಾಗಿ ಬಿದ್ದಿದ್ದರೆ ಕಾಯುವ ಪಟ್ಟಿ. ಹುಣಸೂರಿನಿಂದ, ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯ ಆಚೆಯ ಊರುಗಳಿಂದ ಕೆ.ಆರ್. ನಗರದ ಬಸ್ಸು ಹಿಡಿಯುವವರು ಇವನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ಬರುತ್ತಾರೆ. ಆದರೆ ಊರ ಹೊರಗೆ, ನಾಲೆಯ ಪಕ್ಕದಲ್ಲಿರುವ ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದವರು ನಂಬುವುದು ಒಂದೇ ಗುರುತನ್ನು. ಅದು ಸಾಕಮ್ಮನವರ ರಂಗೋಲಿ.

ಸಾಕಮ್ಮ ಆ ಕಾಲೇಜಿನ ಆಯಾ. ಹದಿನಾರು ವರ್ಷದಿಂದ ಅಲ್ಲಿ ಕಸ ಗುಡಿಸಿ, ನೀರು ತುಂಬಿಸಿ, ಗಂಟೆ ಬಾರಿಸುತ್ತಾ ಇದ್ದಾರೆ. ಮನೆ ಚುಂಚನಕಟ್ಟೆಯ ಹತ್ತಿರ. ಗಂಡ ಚಿಕ್ಕಣ್ಣ ನೀರುಗಂಟಿ. ಯಾವ ಗದ್ದೆಗೆ ಯಾವ ದಿನ ನಾಲೆಯ ನೀರು ಬಿಡಬೇಕೆಂದು ನೋಡಿಕೊಳ್ಳುವವರು. ಒಬ್ಬಳೇ ಮಗಳು ನಂದಿತಾ ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ನಾವು ಮೂವರೂ ಬೆಳಿಗ್ಗೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ಹಾಗಾಗಿ ಇದರಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ. ಉಳಿದದ್ದನ್ನು ಆ ತಾಯಿ ಮಗಳು ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ.

ಆ ಕಾಲೇಜನ್ನು ನಡೆಸುವ ಟ್ರಸ್ಟು ಪ್ರತಿ ವರ್ಷ ಕೆಲವು ಹುಡುಗಿಯರಿಗೆ ಶುಲ್ಕವಿಲ್ಲದ ಸೀಟು ಕೊಡುತ್ತದೆ. ಎಷ್ಟು ಜನರಿಗೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಿಂದಿನ ಸಂಜೆ ಟ್ರಸ್ಟಿನವರು ಕುಳಿತು ಹೆಸರುಗಳನ್ನು ತೀರ್ಮಾನಿಸಿ, ಲಕೋಟೆಗೆ ಅಂಟು ಹಾಕಿ ಹೋಗುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಅದನ್ನು ಒಡೆದು ಬೋರ್ಡಿಗೆ ಪಿನ್ನು ಚುಚ್ಚುವ ಕೆಲಸ ಸಾಕಮ್ಮನವರದು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವರಿಗೆ ಬೋರ್ಡಿನ ಕೆಳಗಿನ ಬೋಳು ನೆಲ ನೋಡಿ ಹೇಗೋ ಆಯಿತಂತೆ. ಅಷ್ಟು ಜನ ಆಸೆ ಇಟ್ಟುಕೊಂಡು ಬಂದು ನಿಲ್ಲುವ ಜಾಗ, ಮನೆಬಾಗಿಲಿಗಿಂತ ಕಡಿಮೆಯೇನು? ಅವತ್ತಿನಿಂದ ಪಟ್ಟಿ ಬೀಳುವ ಬೆಳಿಗ್ಗೆ ಅಲ್ಲಿ ನೀರು ಹಾಕಿ ತೊಳೆದು ಒಂದು ದೊಡ್ಡ ಚುಕ್ಕಿ ರಂಗೋಲಿ ಬಿಡುವುದು ಅವರ ಪದ್ಧತಿಯಾಯಿತು. ಇಷ್ಟು ಚುಕ್ಕಿ, ಇಷ್ಟು ಸಾಲು ಎನ್ನುವ ಲೆಕ್ಕವಿಲ್ಲ. ಕೈ ಹೋದ ಹಾಗೆ ಚುಕ್ಕಿ ಇಡುತ್ತಾರೆ, ಕೈ ನಿಂತಾಗ ಎಳೆ ಎಳೆದು ಸೇರಿಸುತ್ತಾರೆ.

ಬಹಳ ವರ್ಷ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ತುಳಿದುಕೊಂಡೇ ಪಟ್ಟಿ ನೋಡುತ್ತಿದ್ದರು.

ಐದು ವರ್ಷದ ಹಿಂದೆ ಒಂದು ಪಟ್ಟಿಯ ದಿನ ಸಾಕಮ್ಮ ರಂಗೋಲಿ ಬಿಡಲಿಲ್ಲ. ನೆಲ ತೊಳೆದರು, ಪುಡಿಯ ಡಬ್ಬಿ ತೆರೆದರು, ಬಗ್ಗಿದರು. ಬೆರಳ ಸಂದಿಯಿಂದ ಪುಡಿ ಉದುರಲಿಲ್ಲ. ಒದ್ದೆಯಾಗಿರಬೇಕು ಎಂದುಕೊಂಡು ಡಬ್ಬಿ ಮುಚ್ಚಿದರು. ಹತ್ತಕ್ಕೆ ಪಟ್ಟಿ ಬಿತ್ತು. ಮೊದಲ ಹೆಸರು ಪುಷ್ಪಾ, ಕಟ್ಟೆಮಳಲವಾಡಿ. ಹನ್ನೊಂದರ ಹೊತ್ತಿಗೆ ಅವಳ ತಂದೆ ಗುರುಮಲ್ಲಪ್ಪ ಬಂದು ಕಚೇರಿಯ ಕಿಟಕಿಯಲ್ಲಿ ನಿಂತರು. ಆಗೆಲ್ಲ ಮೂಲ ಕಾಗದಗಳನ್ನು ಅರ್ಜಿಯ ಜೊತೆಯೇ ಕೊಡಬೇಕಿತ್ತು.

"ನನ್ ಮಗಳ ಮಾರ್ಕ್ಸ್ ಕಾರ್ಡು ವಾಪಸ್ ಬೇಕಾಗಿತ್ತು ಸಾ."

ಗುಮಾಸ್ತ ಶಿವಶಂಕರ್ ನಕ್ಕರು. "ವಾಪಸ್ ಯಾಕೆ ಯಜಮಾನ್ರೇ? ಮೊದಲ್ನೇ ಹೆಸ್ರೇ ನಿಮ್ಮ ಹುಡ್ಗೀದು. ಹೋಗಿ ನೋಡಿ."

ಗುರುಮಲ್ಲಪ್ಪ ಹೋಗಲಿಲ್ಲ. "ಮೊನ್ನೆ ಹೋಗ್ಬುಟ್ಲು ಸಾ. ಹೊಲದಲ್ಲಿ ಹಾವು ಮುಟ್ತು," ಎಂದರು.

ಕಾಗದ ತೆಗೆದುಕೊಂಡು ಹೋಗುವಾಗ ಅವರು ಬೋರ್ಡಿನ ಮುಂದೆ ನಿಂತು ಹೆಸರನ್ನು ಓದಲಿಲ್ಲ, ನೆಲ ನೋಡಿದರು. "ಪ್ರತಿ ವರ್ಸ ಇಲ್ಲಿ ರಂಗೋಲಿ ಬುಡ್ತೀರಂತೆ. ಈ ವರ್ಸ ಯಾಕವ್ವ ಬುಟ್ಟಿಲ್ಲ?"

"ಕೈ ಬರ್ಲಿಲ್ಲ ಕಣಪ್ಪ," ಎಂದರು ಸಾಕಮ್ಮ.

"ಸಾವಿನ ಮನೆ ಮುಂದೆ ಬುಡಲ್ಲ ಅಲ್ವ," ಎಂದು ಗುರುಮಲ್ಲಪ್ಪ ತಮ್ಮಷ್ಟಕ್ಕೆ ಹೇಳಿಕೊಂಡು ಹೋದರು. ಅಲ್ಲಿ ನಿಂತಿದ್ದ ಹುಡುಗಿಯರೆಲ್ಲ ಅದನ್ನು ಕೇಳಿದರು.

ಮರುವರ್ಷದಿಂದ ಎಣಿಕೆ ಶುರುವಾಯಿತು. ಚುಕ್ಕಿ ಮೂವತ್ತೊಂದು, ಲಕೋಟೆ ಒಡೆದರೆ ಹೆಸರು ಮೂವತ್ತೊಂದು. ಅದರ ಮುಂದಿನ ವರ್ಷ ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು. ಮತ್ತಿನ ವರ್ಷ ಮೂವತ್ತನಾಲ್ಕು. ಅಷ್ಟರಲ್ಲಿ ಪಟ್ಟಿಯ ದಿನ ಜನ ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿ ಸೇರತೊಡಗಿದರು. ಯಾರೂ ತುಳಿಯುತ್ತಿರಲಿಲ್ಲ. ಫೋಟೊ ತೆಗೆದು ಬಾರದವರಿಗೆ ಕಳಿಸುತ್ತಿದ್ದರು. ಎಳೆ ಎಲ್ಲಿ ದಪ್ಪ, ಎಲ್ಲಿ ತೆಳು, ತನ್ನ ಊರಿನ ದಿಕ್ಕಿಗೆ ಎಷ್ಟು ಚುಕ್ಕಿ ಎಂದು ಬೆರಳಿಟ್ಟು ನೋಡುತ್ತಿದ್ದರು.

"ನಿಮ್ಮ ರಂಗೋಲಿ ನೋಡ್ಕಂಡೇ ನಾನು ಪಟ್ಟಿ ಟೈಪ್ ಮಾಡೋದು ಅಂತವ್ರೆ ಸಾಕಮ್ಮ," ಎಂದು ಶಿವಶಂಕರ್ ತಮಾಷೆ ಮಾಡುತ್ತಿದ್ದರು.

"ಅಂಗಾರೆ ನನ್ ಸಂಬಳಾನೂ ಒಸಿ ಟೈಪ್ ಮಾಡಿ ಸಾ," ಎನ್ನುತ್ತಿದ್ದರು ಸಾಕಮ್ಮ. ಆದರೆ ಅವರು ತಾವಾಗಿ ಒಂದು ದಿನವೂ ಚುಕ್ಕಿಗಳನ್ನು ಎಣಿಸಿರಲಿಲ್ಲ. ಎಣಿಸಿದವರು ಹೇಳಲು ಬಂದರೆ ಪೊರಕೆ ಹಿಡಿದು ಆಚೆ ಹೋಗಿಬಿಡುತ್ತಿದ್ದರು.

ನನಗೆ ಅವರು ಹೇಳಿದ್ದು ಇನ್ನೊಂದು ಸಂಗತಿ. ಚುಂಚನಕಟ್ಟೆಯ ದೇವಸ್ಥಾನದ ಪಕ್ಕದಲ್ಲೇ ಕಾವೇರಿ ಧುಮುಕುತ್ತದೆ. ಆದರೂ ಗರ್ಭಗುಡಿಯೊಳಗೆ ನಿಂತರೆ ನೀರಿನ ಸದ್ದು ಕೇಳುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಬೋರ್ಡಿನ ಕೆಳಗೆ ಕೂತು ಮೊದಲ ಚುಕ್ಕಿ ಇಟ್ಟ ಕೂಡಲೇ ಅವರಿಗೆ ಹಾಗೆಯೇ ಆಗುತ್ತಿತ್ತಂತೆ. ಹಿಂದಿನ ನಾಲೆ, ರಸ್ತೆಯ ಬಸ್ಸು, ಗೇಟಿನ ಜನ, ಎಲ್ಲದರ ಸದ್ದೂ ನಿಂತುಹೋಗುತ್ತಿತ್ತು. ಮತ್ತೆ ನಾಲೆಯ ನೀರು ಕೇಳಿಸಿತೆಂದರೆ ಚುಕ್ಕಿ ಮುಗಿಯಿತು ಎಂದರ್ಥ.

ಕಳೆದ ವರ್ಷ ನಂದಿತಾ ಅದೇ ಕಾಲೇಜಿಗೆ ಅರ್ಜಿ ಹಾಕಿದಳು.

ಅವಳಿಗೆ ಬೇರೆ ಯಾವುದೂ ಬೇಕಿರಲಿಲ್ಲ. ಆರನೆಯ ತರಗತಿಯಲ್ಲಿದ್ದಾಗ ಅಜ್ಜಿಯ ಮಂಚದ ಪಕ್ಕ ಕೂತು, ಸೂಜಿ ಹಾಕುವ ನರ್ಸಮ್ಮನ ಕೈ ಒಂದಿಷ್ಟೂ ನಡುಗದ್ದನ್ನು ನೋಡಿದ್ದಳು. ಅಂದಿನಿಂದ ತನ್ನ ಕೈಯನ್ನು ಮುಂದೆ ಚಾಚಿ, ಅದು ಅಲುಗುತ್ತದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ. ಅವಳ ಅಂಕ ಗಡಿಯಲ್ಲಿತ್ತು. ಶುಲ್ಕವಿಲ್ಲದ ಸೀಟು ಸಿಕ್ಕಿದರೆ ನರ್ಸಿಂಗ್, ಸಿಗದಿದ್ದರೆ ನನ್ನ ಜೊತೆ ಬಿ.ಎ. ಮನೆಯಲ್ಲಿ ಅಷ್ಟು ಸ್ಪಷ್ಟವಾಗಿ ಮಾತಾಗಿತ್ತು.

ಪಟ್ಟಿಗೆ ಎರಡು ದಿನ ಇರುವಾಗ ನಾನು ಅವರ ಮನೆಗೆ ಹೋಗಿದ್ದೆ. ನಂದಿತಾ ರಸೀತಿಯನ್ನು ಬೆಳಕಿಗೆ ಹಿಡಿದು ಮೊಹರು ಓರೆಯೋ ನೇರವೋ ಎಂದು ನೋಡುತ್ತಿದ್ದಳು. ಚಿಕ್ಕಣ್ಣ ಜಗಲಿಯ ಮೇಲೆ ಕಾಲು ತೊಳೆಯುತ್ತಾ ಹೆಂಡತಿಯನ್ನು ಕೆಣಕಿದರು.

"ಊರೋರೆಲ್ಲ ನಿನ್ ಕೈ ನೋಡ್ತಾರೆ. ನೀನು ಯಾರ್ ಕೈ ನೋಡ್ತೀಯಮ್ಮಿ ಈ ವರ್ಸ?"

"ನೀವು ಓಗಿ ತೂಬು ತಿರುಗ್ಸಿ. ಇಲ್ದೋದ್ರೆ ಗದ್ದೆಯೋರು ನಿಮ್ ಕಾಲು ನೋಡ್ತಾರೆ."

ಚಿಕ್ಕಣ್ಣ ನಕ್ಕರು. ನಂದಿತಾ ನಗಲಿಲ್ಲ. ರಸೀತಿಯನ್ನು ಮಡಿಸಿ, "ಅವ್ವ, ಸುಮ್ನೆ ಯಾವಾಗ್ನಂಗೆ ಬುಡು. ನನ್ನ ನೆನುಸ್ಕಬೇಡ," ಎಂದಳು. ಸಾಕಮ್ಮ ಒಲೆಯ ಕಡೆ ತಿರುಗಿದ್ದರು.

ಪಟ್ಟಿಯ ದಿನ ಮೊದಲ ಬಸ್ಸಿಗೇ ಹೋದೆವು. ಮೋಡದ ಬೆಳಿಗ್ಗೆ. ಗೇಟಿನ ಹೊರಗೆ ಎಪ್ಪತ್ತು ಎಂಬತ್ತು ಜನ ಆಗಲೇ ನಿಂತಿದ್ದರು. ನಾನು ಮತ್ತು ನಂದಿತಾ ಅವರ ಜೊತೆಯಲ್ಲೇ ನಿಂತೆವು. ಸಾಕಮ್ಮ ನೆಲ ತೊಳೆದು, ಕುಕ್ಕರಗಾಲಲ್ಲಿ ಕೂತು, ಚುಕ್ಕಿ ಇಡತೊಡಗಿದರು. ಬೆರಳುಗಳು ನಿಧಾನವಾಗಿ ನಡೆದವು. ಒಂದು ಹಂತದಲ್ಲಿ ಕೈ ನಿಂತಿತು. ಅವರು ತಲೆ ಎತ್ತಿ ಹಿಂದಿನ ನಾಲೆಯ ಕಡೆಗೆ ಕಿವಿಗೊಟ್ಟರು. ಆಮೇಲೆ ಎಳೆ ಎಳೆದು ಮುಗಿಸಿದರು. ಎದ್ದರು. ಡಬ್ಬಿ ಮುಚ್ಚಿದರು.

ಮತ್ತೆ ತೆರೆದರು. ಬಗ್ಗಿ, ಗೋಡೆಯ ಬುಡದಲ್ಲಿ, ಎಳೆಗಳಿಂದ ಒಂದು ಗೇಣು ಆಚೆಗೆ, ಒಂದೇ ಒಂದು ಚುಕ್ಕಿ ಇಟ್ಟರು. ನಂದಿತಾ ನನ್ನ ಮಣಿಕಟ್ಟು ಹಿಡಿದಳು.

ಗೇಟು ತೆರೆಯಿತು. ಎಣಿಸಿದರು. ಮೂವತ್ತಮೂರು.

ಹತ್ತಕ್ಕೆ ಪಟ್ಟಿ ಬಿತ್ತು. ಹೆಸರು ಮೂವತ್ತೆರಡು. ಕೊನೆಯದು ಪೂಜಾ, ಎಚ್.ಡಿ. ಕೋಟೆ ತಾಲ್ಲೂಕು. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಕಾಯುವ ಪಟ್ಟಿ. ಅದರ ಮೊದಲ ಹೆಸರು ನಂದಿತಾ. ಪಟ್ಟಿಯಲ್ಲಿರುವವರು ಮೂರನೆಯ ದಿನ ಸಂಜೆ ನಾಲ್ಕರೊಳಗೆ ಬಂದು ಸೇರದಿದ್ದರೆ ಸೀಟು ಮುಂದಿನವರಿಗೆ ಎಂದು ಬರೆದಿತ್ತು.

ಇದೇ ಮೊದಲ ಸಲ ಎಣಿಕೆ ತಪ್ಪಿತ್ತು. ಜನ ಪಟ್ಟಿಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿದರು. ಯಾರದೋ ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಅಜ್ಜಿ ಕಂಬಕ್ಕೆ ಒರಗಿಕೊಂಡು, "ತಪ್ಪಿಲ್ಲ ಬುಡಿ. ಒಳಗೆ ಮೂವತ್ತೆರಡು, ಆಚೆ ಒಂದು. ಅಂಗಂದ್ರೆ ಒಂದು ಆಚೆಗೆ ಓಯ್ತದೆ," ಎಂದಳು. ಬೆಳೆಯ ಮಾತಾಡಿದಂತೆ, ಅಷ್ಟೇ ಸಲೀಸಾಗಿ. ಫೋಟೊ ತೆಗೆಯುತ್ತಿದ್ದವರು ಒಂದು ಕ್ಷಣ ಕೈ ತಡೆದರು; ಆಮೇಲೆ ಮತ್ತೆ ತೆಗೆದರು. ಸಾಕಮ್ಮ ಪಿನ್ನಿನ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು.

ಮೊದಲ ದಿನ ಇಪ್ಪತ್ತು ಜನ ಸೇರಿದರು. ಎರಡನೆಯ ದಿನ ಹನ್ನೊಂದು. ಮೂರನೆಯ ದಿನ ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಉಳಿದದ್ದು ಪೂಜಾ ಒಬ್ಬಳೇ. ನಾಲ್ಕರ ಹೊತ್ತಿಗೆ ಮೂಲ ಕಾಗದಗಳೆಲ್ಲ ಸಿದ್ಧವಿರಲಿ ಎಂದು ಶಿವಶಂಕರ್ ಹೇಳಿಕಳಿಸಿದ್ದರಿಂದ ನಂದಿತಾ ಫೈಲು ಹಿಡಿದು ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ನಾನೂ ಜೊತೆಗಿದ್ದೆ. ಅವಳು ಗೇಟಿನ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದಳು.

ರಂಗೋಲಿ ಅಷ್ಟರಲ್ಲಿ ಓಡಾಟಕ್ಕೆ ಅಳಿಸಿಹೋಗಿತ್ತು. ಗೋಡೆಯ ಬುಡದ ಆ ಚುಕ್ಕಿ ಮಾತ್ರ ಹಾಗೇ ಇತ್ತು. ಅಲ್ಲಿಗೆ ಯಾರ ಕಾಲೂ ಹೋಗುತ್ತಿರಲಿಲ್ಲ. ಸಾಕಮ್ಮ ಮೂರು ದಿನವೂ ಅದರ ಸುತ್ತ ಗುಡಿಸಿದ್ದರು.

ಹನ್ನೆರಡೂವರೆಗೆ ಅವರು ಕಚೇರಿಗೆ ಹೋಗಿ ಬಾಗಿಲಲ್ಲಿ ನಿಂತರು.

"ಸಾ, ಆ ಕೋಟೆ ಹುಡ್ಗಿ?"

"ಮೆಸೇಜ್ ಕಳ್ಸಿದ್ದೀವಿ. ಫೋನೂ ಮಾಡ್ದೆ, ಆಫ್ ಇದೆ," ಎಂದರು ಶಿವಶಂಕರ್. ಆಮೇಲೆ ದನಿ ತಗ್ಗಿಸಿ, "ಬರ್ದೇ ಇದ್ರೆ ಯಾರಿಗೆ ಸಾಕಮ್ಮ? ನಿಮ್ಮ ಹುಡ್ಗಿಗೇ ಅಲ್ವಾ? ಸುಮ್ಕಿರಿ," ಎಂದರು. ಅದರಲ್ಲಿ ಕೆಟ್ಟತನವಿರಲಿಲ್ಲ.

ಸಾಕಮ್ಮ ಹೊರಗೆ ಬಂದರು. ಅಂದು ಪುಷ್ಪಾಳ ತಂದೆ ಗುರುಮಲ್ಲಪ್ಪ ನಿಂತಿದ್ದ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಮತ್ತೆ ಒಳಗೆ ಹೋಗಿ ಪೂಜಾಳ ಅರ್ಜಿ ಕೇಳಿ, ಅದರಲ್ಲಿದ್ದ ಎರಡನೆಯ ನಂಬರನ್ನು ತಮ್ಮ ಫೋನಿನಲ್ಲಿ ಒಂದೊಂದೇ ಅಂಕಿ ನೋಡಿ ಒತ್ತಿದರು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದರು. ಯಾರೋ ಎತ್ತಿದರು. ಉಸಿರು ಮಾತ್ರ ಕೇಳಿಸುತ್ತಿತ್ತು.

"ಪೂಜಾ ಮನೇನಾ?"

ಒಂದು ಸಣ್ಣ ದನಿ, "ನಾನೇ," ಎಂದಿತು.

ಸಾಕಮ್ಮ ಗೋಡೆ ಹಿಡಿದು ನೆಲದ ಮೇಲೆ ಕೂತುಬಿಟ್ಟರು. "ಚೆನ್ನಾಗಿದ್ದೀಯಾ ಮಗ?"

ಚೆನ್ನಾಗಿದ್ದಳು. ರಂಗೋಲಿಯ ಫೋಟೊ ಅವಳಿಗೂ ತಲುಪಿತ್ತು. ಎಳೆಗೆ ಸೇರದೆ ಆಚೆ ನಿಂತ ಚುಕ್ಕಿ ಪಟ್ಟಿಯ ಕೊನೆಯ ಹೆಸರಿನದು, ಹೋಗುವುದು ಅವಳೇ ಎಂದು ಗ್ರೂಪಿನಲ್ಲಿ ಯಾರೋ ಬರೆದಿದ್ದರು. ಕಟ್ಟೆಮಳಲವಾಡಿಯ ಹುಡುಗಿಯ ಕತೆಯನ್ನೂ ಬರೆದಿದ್ದರು. ಅವಳ ತಾಯಿ ಶಿವನಂಜಮ್ಮ ಮಗಳ ಫೋನ್ ಕಿತ್ತು ಆಫ್ ಮಾಡಿ, ಮೂರು ದಿನದಿಂದ ಅವಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಆ ತಾಯಿಯೇ ಫೋನು ಕಿತ್ತುಕೊಂಡಳು. ಅವಳ ದನಿ ಬೆಂಚಿನಲ್ಲಿದ್ದ ನಮಗೂ ಕೇಳಿಸಿತು. "ಸೀಟು ನೀವೇ ಇಟ್ಕಳಿ. ನನ್ ಮಗಳು ನನ್ ಮನೇಲಿರ್ಲಿ."

"ಆ ಚುಕ್ಕಿ ನಿಮ್ಮ ಹುಡ್ಗೀದಲ್ಲ ಕಣವ್ವ," ಎಂದರು ಸಾಕಮ್ಮ. "ಅದು ತಾನಾಗಿ ಬಿದ್ದಿದ್ದಲ್ಲ. ಎಲ್ಲಾ ಮುಗುದ್ಮೇಲೆ ನಾನೇ ಬೇಕಂತ ಇಟ್ಟೆ. ನನ್ ಮಗಳ್ಗೂ ಒಂದಿರ್ಲಿ ಅಂತ."

ಆ ಕಡೆಯಿಂದ, "ನಿಮ್ ಮಗಳ್ಗೆ ಸಿಕ್ತಾ?"

"ಇಲ್ಲ. ನಿಮ್ಮೋಳು ಬರ್ದಿದ್ರೆ ಸಿಕ್ತದೆ."

"ಮತ್ಯಾಕೆ ಫೋನ್ ಮಾಡ್ತಿದ್ದೀರಿ?"

ಸಾಕಮ್ಮ ಗೋಡೆ ಹಿಡಿದು ಎದ್ದರು. "ಒಂದು ಗಂಟೆ ಬಸ್ಸಿಗೆ ಹೊರ್ಟ್ರೆ ನಾಲ್ಕಕ್ಕೆ ಮುಂಚೆ ಬತ್ತೀರಿ. ಮಾರ್ಕ್ಸ್ ಕಾರ್ಡು ಮರೀಬೇಡಿ," ಎಂದು ಹೇಳಿ ಫೋನಿಟ್ಟರು.

ಕಚೇರಿಯ ಬಾಗಿಲಿಗೆ ಬಂದಿದ್ದ ಶಿವಶಂಕರ್ ಒಳಗೆ ಹೋದರು. ನಂದಿತಾ ಫೈಲನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯನ್ನು ಮುಂದೆ ಚಾಚಿ ಅದನ್ನೇ ನೋಡುತ್ತಿದ್ದಳು. ಅದು ಅಲುಗುತ್ತಿರಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ತಾಯಿ ಮಗಳು ಬಂದರು. ಕಚೇರಿಗೆ ಹೋಗಲು ಬೋರ್ಡಿನ ಮುಂದೆಯೇ ಹಾದುಹೋಗಬೇಕು. ಶಿವನಂಜಮ್ಮ ಚುಕ್ಕಿಯನ್ನು ಕಂಡವಳೇ ಮಗಳ ತೋಳು ಹಿಡಿದು ನಿಲ್ಲಿಸಿದಳು. "ಅದು ಇರೋಗಂಟ ಇವ್ಳು ಹೆಜ್ಜೆ ಇಡಲ್ಲ," ಎಂದಳು. ಸಾಕಮ್ಮ ಬಗ್ಗಿ, ಪೊರಕೆ ಮುಟ್ಟದೆ, ಬರೀ ಅಂಗೈಯಲ್ಲಿ ಅದನ್ನು ಒರೆಸಿದರು. ಎರಡು ಸಲ, ಮೂರು ಸಲ. ನೆಲ ಖಾಲಿಯಾಯಿತು. ಪೂಜಾ ಒಳಗೆ ಹೋಗಿ ಸಹಿ ಹಾಕಿದಳು.

ಹೊರಡುವಾಗ ಶಿವಶಂಕರ್ ನಂದಿತಾಳನ್ನು ಕರೆದು, "ಕಾಯೋ ಪಟ್ಟಿ ತಿಂಗಳ ಕೊನೆವರ್ಗೂ ಇರ್ತದೆ ಕಣಮ್ಮ. ಸೇರಿದೋರು ಯಾರಾದ್ರೂ ಬಿಟ್ಟೋದ್ರೆ ಮೊದ್ಲು ನಿಂದೇ," ಎಂದು ಸಮಾಧಾನ ಹೇಳಿದರು. ಅವಳು ತಲೆಯಾಡಿಸಿದಳು. ಗೇಟಿನವರೆಗೆ ಬಂದ ಮೇಲೆ, "ನೀವು ನಡೀತಿರಿ, ಫೈಲು ಬುಟ್ ಬಂದೆ," ಎಂದು ತಿರುಗಿ ಹೋದಳು. ಸಾಕಮ್ಮ ಗೇಟಿನ ಪಕ್ಕದ ಕೊಳಾಯಿಯಲ್ಲಿ ಅಂಗೈ ತೊಳೆಯುತ್ತಿದ್ದರು. ಅವಳು ಬರಲು ಸ್ವಲ್ಪ ತಡವಾಯಿತು.

ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ, ನಂದಿತಾ ಅಳಲಿಲ್ಲ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಕೈಗಳು ಫೈಲಿನ ಮೇಲಿದ್ದವು. ಗದ್ದೆಗಳ ಮೇಲಿಂದ ಬಂದ ಓರೆ ಬಿಸಿಲು ಆ ಕೈಗಳ ಮೇಲೆ ಬಿತ್ತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಪುಡಿ ಹತ್ತಿ ಬೆಳ್ಳಗಿತ್ತು.

ಸಾಕಮ್ಮ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನ ತುದಿಯಿಂದ, ಮಲಗಿರುವ ಮಗುವಿನ ಬಾಯಿ ಒರೆಸುವಂತೆ, ಆ ಎರಡು ಬೆರಳುಗಳನ್ನು ಒರೆಸಿದರು. ನಂದಿತಾ ಕಣ್ಣು ತೆರೆಯಲಿಲ್ಲ. ನಮ್ಮ ನಿಲ್ದಾಣದಲ್ಲಿ ಇಳಿದಾಗ ಸಾಕಮ್ಮ ಹೊಳೆಯ ಕಡೆ ತಿರುಗಿ ನಿಂತು, "ನೀರು ಕೇಳುಸ್ತಾ ಐತಾ ಮಗ ನಿಂಗೆ?" ಎಂದು ನನ್ನನ್ನು ಕೇಳಿದರು. ಅದು ಹೊಳೆ ತುಂಬಿ ಹರಿಯುವ ಕಾಲ. ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಒರೆಸಿದ್ದ ಜಾಗದಲ್ಲಿ ಒಂದು ಸಣ್ಣ ಚುಕ್ಕಿ ಇತ್ತಂತೆ. ನೀರು ಹಾಕಿ ತೊಳೆದರಂತೆ. ಮನೆಯಲ್ಲಿ ಆ ಮಾತು ಎತ್ತಲಿಲ್ಲ.

ಅಷ್ಟು ವರ್ಷದಲ್ಲಿ ಒಂದು ದಿನವೂ ಎಣಿಸದಿದ್ದ ಸಾಕಮ್ಮ ಅಂದಿನಿಂದ ಎಣಿಸತೊಡಗಿದರು. ಪಟ್ಟಿಯ ಹುಡುಗಿಯರು ರಸ್ತೆಯಾಚೆಯ ಹಾಸ್ಟೆಲಿನಿಂದ ಬರುವಾಗ ಗೇಟಿನಲ್ಲಿ ನಿಂತು, ತುಟಿಯಲ್ಲೇ ಒಂದು, ಎರಡು, ಮೂರು ಎನ್ನುತ್ತಿದ್ದರು. ಮೂವತ್ತೆರಡನೆಯವಳು ಒಳಗೆ ಬರುವವರೆಗೆ ಗಂಟೆ ಬಾರಿಸಲು ಹೋಗುತ್ತಿರಲಿಲ್ಲ. ಯಾರಿಗಾದರೂ ಜ್ವರವೆಂದರೆ ಹಾಸ್ಟೆಲಿಗೇ ಹೋಗಿ ಹಣೆ ಮುಟ್ಟಿ ಬರುತ್ತಿದ್ದರು. ಸಂಜೆ ಮನೆಗೆ ಬಂದರೆ ನಂದಿತಾ ಒಲೆಯ ಮುಂದೆ ಕೂತು, ತಿರುಗಿ ನೋಡದೆ ಕೇಳುತ್ತಿದ್ದಳು.

"ಎಲ್ಲಾರೂ ಬಂದಿದ್ರಾ ಅವ್ವ?"

"ಬಂದಿದ್ರು."

ತಿಂಗಳ ಕೊನೆಯ ದಿನ ಕಳೆದು, ಮರುದಿನ ಅವಳು ನನ್ನ ಜೊತೆ ಬಂದು ಬಿ.ಎ. ಅರ್ಜಿ ತುಂಬಿದಳು. ರಸೀತಿಯ ಮೊಹರನ್ನು ನೋಡಲಿಲ್ಲ. ಈಗ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಾಳೆ, ಚೆನ್ನಾಗಿಯೇ ಓದುತ್ತಾಳೆ. ಆದರೆ ಆ ಪ್ರಶ್ನೆ ನಿಂತಿಲ್ಲ. ಸಂಜೆ ಅವರ ಮನೆಗೆ ಹೋದಾಗ ಈಗಲೂ ಕೇಳಿಸುತ್ತದೆ. ಸಾಕಮ್ಮ ಚಪ್ಪಲಿ ಬಿಡುವ ಮೊದಲೇ ಉತ್ತರ ಹೇಳಿರುತ್ತಾರೆ.